ಹೋಗಿ ನೋಡಿ ಬಂದವರು ಯಾರು?

2020ರ ಮಾರ್ಚ್ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ಮುಂಬಯಿಯ ಮನೆಬಾಗಿಲಿಗೆ ದಿನಪತ್ರಿಕೆ ಬರಲಿಲ್ಲ. ಲಾಕ್‌ಡೌನ್ ಶುರುವಾಗುತ್ತಲೇ ಸ್ಟೇಷನ್ ಪಕ್ಕದ ಫುಟ್‌ಪಾತಿನಲ್ಲಿ ಪೇಪರ್ ವಿಂಗಡಿಸುವ ಕೆಲಸ ನಿಂತಿತು, ಹೌಸಿಂಗ್ ಸೊಸೈಟಿಗಳು ಗೇಟು ಮುಚ್ಚಿಕೊಂಡವು. ಕಾಗದದ ಮೇಲೆ ವೈರಾಣು ಕೂತಿರುತ್ತದೆ ಎಂಬ ಮಾತು ಬೇರೆ ಮನೆಮನೆಯಲ್ಲಿ ಓಡಾಡುತ್ತಿತ್ತು. ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರವೇ ಮನೆಮನೆಗೆ ಪತ್ರಿಕೆ ಹಂಚುವುದನ್ನು ನಿರ್ಬಂಧಿಸಿತು. ‘ಮಿಷನ್ ಬಿಗಿನ್ ಅಗೇನ್’ ಹೆಸರಿನಲ್ಲಿ ಜೂನ್‌ನಲ್ಲಿ ನಗರ ಒಂದೊಂದಾಗಿ ಬಾಗಿಲು ತೆರೆದಾಗ ಪೇಪರ್‌ವಾಲಾನೂ ಮರಳಿ ಬಂದ. ಏಷ್ಯಾದಲ್ಲಿ ಇಂದಿಗೂ ಅಚ್ಚಾಗುತ್ತಿರುವ ಪತ್ರಿಕೆಗಳಲ್ಲೆಲ್ಲ ಹಳೆಯದಾದ ಗುಜರಾತಿಯ ‘ಮುಂಬಯಿ ಸಮಾಚಾರ್’ 1822ರ ಜುಲೈ 1ರಂದು ಹುಟ್ಟಿದ ಊರು ಇದು. ಅಂಥ ಊರು ಎರಡು ತಿಂಗಳಿಗೂ ಹೆಚ್ಚು ಕಾಲ ಸುದ್ದಿಗಾಗಿ ಪೂರ್ತಿ ಫೋನು ಮತ್ತು ಟಿವಿಯನ್ನೇ ನಂಬಿ ಬದುಕಿತು.

ಪೇಪರ್ ತರಿಸುವುದೋ, ಮೊಬೈಲೇ ಸಾಕೋ ಎಂಬ ಚರ್ಚೆ ಈಗ ಪ್ರತಿ ಮನೆಯಲ್ಲೂ ನಡೆಯುತ್ತಿರುವುದರಿಂದ ಆ ದಿನಗಳನ್ನು ನೆನಪು ಮಾಡಿಕೊಳ್ಳುವುದು ಒಳ್ಳೆಯದು. ಒಂದು ನಗರವೇ ಆಗ ಆ ಪರೀಕ್ಷೆಗೆ ಕೂತಿತ್ತು.

ಏಪ್ರಿಲ್ 14ರಂದು ಲಾಕ್‌ಡೌನ್ ಮೇ 3ರವರೆಗೆ ಮುಂದುವರಿಯುತ್ತದೆ ಎಂದು ಪ್ರಧಾನಿ ಘೋಷಿಸಿದರು. ಅದೇ ದಿನ ಮಧ್ಯಾಹ್ನ ಬಾಂದ್ರಾ ಸ್ಟೇಷನ್ನಿನ ಪಶ್ಚಿಮ ಭಾಗದಲ್ಲಿ ಸಾವಿರಾರು ಜನ ಸೇರಿಬಿಟ್ಟರು. ಬಹುತೇಕ ಎಲ್ಲರೂ ಹೊರರಾಜ್ಯದ ಕೂಲಿಕಾರರು. ಊರಿಗೆ ರೈಲು ಬಿಡುತ್ತಾರೆ ಎಂಬ ಮಾತು ಹರಡಿತ್ತು. ರೈಲು ಇರಲಿಲ್ಲ. ಪೊಲೀಸರು ಲಾಠಿ ಬೀಸಿ ಚದುರಿಸಬೇಕಾಯಿತು. ಎರಡು ದಿನ ಕಳೆದು ಏಪ್ರಿಲ್ 16ರ ರಾತ್ರಿ, ಮುಂಬಯಿ ಉಪನಗರಗಳಿಗೆ ತಾಗಿಕೊಂಡೇ ಇರುವ ಪಾಲ್ಘರ್ ಜಿಲ್ಲೆಯ ಗಡಚಿಂಚಲೆ ಎಂಬ ಹಳ್ಳಿಯಲ್ಲಿ ಇಬ್ಬರು ಸಾಧುಗಳನ್ನೂ ಅವರ ಕಾರಿನ ಚಾಲಕನನ್ನೂ ಜನ ಹೊಡೆದು ಕೊಂದರು. ಕಳ್ಳರು, ಮಕ್ಕಳ ಕಳ್ಳರು ರಾತ್ರಿ ತಿರುಗಾಡುತ್ತಿದ್ದಾರೆ ಎಂಬ ಸಂದೇಶಗಳು ಆ ಭಾಗದಲ್ಲಿ ದಿನಗಟ್ಟಲೆ ಫೋನಿಂದ ಫೋನಿಗೆ ಹಾರಿದ್ದವು.

ಇದನ್ನೆಲ್ಲ ಮೊಬೈಲಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಗಾಳಿಸುದ್ದಿಗೆ ಸ್ಮಾರ್ಟ್‌ಫೋನ್ ಬೇಕೆಂದೇನಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿತಲ್ಲ, ಅದಾಗಿ ಎರಡು ದಿನಕ್ಕೆ ಅಣೆಕಟ್ಟು ಒಡೆಯಿತು, ಸುನಾಮಿ ಬರುತ್ತಿದೆ ಎಂಬ ಕೂಗಿಗೆ ಬೆದರಿ ಓಡಿದ ಜುಹೂ ಕಡೆಯ ನೆಹರೂ ನಗರದ ಬಡವರು ಕಾಲ್ತುಳಿತದಲ್ಲಿ ಸತ್ತರು. ಆ ಸುಳ್ಳು ಬಾಯಿಂದ ಬಾಯಿಗೆ ಹೋಗಿತ್ತು. ಲಾಕ್‌ಡೌನಿನಲ್ಲಿ ಇದೇ ಫೋನು ಜೀವ ಉಳಿಸಿದ್ದೂ ನಿಜ. ಯಾವ ವಾರ್ಡಿನ ಯಾವ ಕಟ್ಟಡ ಸೀಲ್ ಆಗಿದೆ, ಎಲ್ಲಿ ಹಾಸಿಗೆ ಖಾಲಿ ಇದೆ, ಯಾವ ಔಷಧದಂಗಡಿ ತೆರೆದಿದೆ ಎಂಬ ಮಾಹಿತಿ ಗಂಟೆಗಂಟೆಗೆ ಬಂದದ್ದು ಅದರಲ್ಲೇ. ಹೋಟೆಲು ಮುಚ್ಚಿ ಖೋಲಿಯಲ್ಲಿ ಸಿಕ್ಕಿಕೊಂಡಿದ್ದ ನಮ್ಮ ತುಳು-ಕನ್ನಡಿಗ ಹುಡುಗರಿಗೆ ಅಕ್ಕಿ ತಲುಪಿಸಲು ಸಂಘ-ಸಂಸ್ಥೆಗಳು ಒಬ್ಬರನ್ನೊಬ್ಬರು ಹುಡುಕಿಕೊಂಡದ್ದೂ ವಾಟ್ಸಾಪಿನಲ್ಲೇ. ಮರುದಿನ ಬೆಳಿಗ್ಗೆ ಬರುವ ಪತ್ರಿಕೆ ಆ ಕೆಲಸ ಮಾಡಲಾರದು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕಾಗದ ಮತ್ತು ಪರದೆಯ ನಡುವೆ ಇದೆ ಎಂದು ನನಗೆ ಅನಿಸುವುದಿಲ್ಲ. ಪತ್ರಿಕೆಯ ಇ-ಪೇಪರನ್ನು ಫೋನಿನಲ್ಲಿ ಓದಿದರೆ ಅದು ಪತ್ರಿಕೆಯೇ. ಯಾರೋ ಬರೆದು ತೇಲಿಬಿಟ್ಟ ಸುಳ್ಳನ್ನು ಕಾಗದದಲ್ಲಿ ಅಚ್ಚು ಹಾಕಿದರೂ ಅದು ಸುಳ್ಳೇ. ನಾನು ಯಾವ ಸುದ್ದಿ ಎದುರಾದರೂ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ಹೋಗಿ ನೋಡಿ ಬಂದವರು ಯಾರು? ಅದಕ್ಕೆ ಉತ್ತರ ಸಿಗುವ ಕಡೆ ನನ್ನ ನಂಬಿಕೆ, ನನ್ನ ದುಡ್ಡು ಎರಡೂ ಹೋಗುತ್ತವೆ.

ಮುಂಬಯಿಗರಿಗೆ ಈ ಪ್ರಶ್ನೆಯ ಬೆಲೆ ತಿಳಿಸಿಕೊಟ್ಟವರು ಒಬ್ಬರಿದ್ದಾರೆ. 2008ರ ನವೆಂಬರ್ 26ರ ರಾತ್ರಿ ಸಿಎಸ್‌ಟಿ ಸ್ಟೇಷನ್ನಿನಲ್ಲಿ ಗುಂಡಿನ ಸದ್ದು ಕೇಳಿದಾಗ ‘ಮುಂಬಯಿ ಮಿರರ್’ ಪತ್ರಿಕೆಯ ಛಾಯಾಚಿತ್ರ ಸಂಪಾದಕ ಸೆಬಾಸ್ಟಿಯನ್ ಡಿಸೋಜ ಎದುರಿನ ಕಚೇರಿಯಲ್ಲಿದ್ದರು. ಜನ ಸ್ಟೇಷನ್ನಿನಿಂದ ಹೊರಗೆ ಓಡುತ್ತಿದ್ದಾಗ ಅವರು ಕ್ಯಾಮೆರಾ ಹಿಡಿದು ಒಳಗೆ ಓಡಿದರು. ನಿಂತಿದ್ದ ರೈಲಿನ ಡಬ್ಬಿಯ ಮರೆಯಿಂದ ಚಿತ್ರ ತೆಗೆದರು. ಬೆನ್ನಿಗೆ ಚೀಲ, ಕೈಯಲ್ಲಿ ಬಂದೂಕು ಹಿಡಿದು ನಡೆಯುತ್ತಿರುವ ಉಗ್ರ ಕಸಬ್‌ನ ಆ ಚಿತ್ರವನ್ನು ಇಂದು ಯಾರಿಗೂ ವಿವರಿಸಬೇಕಾಗಿಲ್ಲ. 50ಕ್ಕೂ ಹೆಚ್ಚು ಜನ ಸತ್ತ ಆ ಸ್ಟೇಷನ್ನಿನಲ್ಲಿ ಏನು ನಡೆಯಿತು ಎನ್ನುವುದಕ್ಕೆ ಅದು ಸಾಕ್ಷ್ಯವಾಯಿತು. ಡಿಸೋಜ ಮುಂದಿನ ವರ್ಷ ವಿಶೇಷ ನ್ಯಾಯಾಲಯದ ಕಟಕಟೆ ಹತ್ತಿ, ಈ ಚಿತ್ರ ತೆಗೆದವನು ನಾನು ಎಂದು ಸಾಕ್ಷಿ ನುಡಿದರು. ಸುದ್ದಿಗೆ ಹೊಣೆ ಹೊರುವುದು ಎಂದರೆ ಅದರ ತುದಿಯವರೆಗೂ ಹೋಗುವುದು. ಹೆಸರು ಹೇಳಿ, ಪ್ರಮಾಣ ಮಾಡಿ, ಪಾಟೀಸವಾಲಿಗೆ ನಿಂತು ಹೊರುವುದು.

ಅದೇ ದಾಳಿಯ ಇನ್ನೊಂದು ಮುಖವನ್ನೂ ಇಲ್ಲಿ ಹೇಳಲೇಬೇಕು. ತಾಜ್, ಒಬೆರಾಯ್, ನರಿಮನ್ ಹೌಸ್‌ಗಳ ಹೊರಗೆ ಕ್ಯಾಮೆರಾ ನಿಲ್ಲಿಸಿಕೊಂಡ ಟಿವಿ ಚಾನೆಲ್‌ಗಳು ಕಮಾಂಡೋಗಳು ಎಲ್ಲಿಂದ ಇಳಿಯುತ್ತಿದ್ದಾರೆ, ಎತ್ತ ಸಾಗುತ್ತಿದ್ದಾರೆ ಎಂಬುದನ್ನೆಲ್ಲ ನೇರಪ್ರಸಾರ ಮಾಡಿದವು. ಗಡಿಯಾಚೆ ಕೂತು ಉಗ್ರರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದವರು ಆ ಪ್ರಸಾರವನ್ನೇ ನೋಡುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಕಸಬ್‌ನ ಮರಣದಂಡನೆಯನ್ನು ಎತ್ತಿಹಿಡಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ನಡತೆಯನ್ನು ಕಟುವಾಗಿ ಖಂಡಿಸಿತು. ಉಗ್ರರ ವಿರುದ್ಧದ ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡಬಾರದು, ನಿಯೋಜಿತ ಅಧಿಕಾರಿ ಕಾಲಕಾಲಕ್ಕೆ ಕೊಡುವ ಮಾಹಿತಿಯನ್ನಷ್ಟೇ ಬಿತ್ತರಿಸಬೇಕು ಎಂದು 2015ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿಯೂ ಬಂತು. ಆ ವರದಿಗಾರರೂ ಸ್ಥಳದಲ್ಲೇ ಇದ್ದರು, ಕಣ್ಣಾರೆ ನೋಡುತ್ತಲೂ ಇದ್ದರು. ಆದರೆ ನೋಡಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಯೋಚಿಸಲು ಯಾರಿಗೂ ಒಂದು ನಿಮಿಷ ಇರಲಿಲ್ಲ. ಹೋಗಿ ನೋಡಿದರೆ ಸಾಲದು, ನೋಡಿದ್ದನ್ನು ಇನ್ನೊಬ್ಬರ ಮುಂದೆ ಇಟ್ಟು ಸೋಸಲು ಹೊತ್ತು ಬೇಕು. ದಿನಪತ್ರಿಕೆಗೆ ಆ ಹೊತ್ತು ಅದರ ನಿಧಾನದಿಂದಲೇ ದಕ್ಕಿದೆ.

ಆ ನಿಧಾನದ ಲೆಕ್ಕ ಹೀಗಿದೆ. ವರದಿಗಾರ ಸಂಜೆಯ ಹೊತ್ತಿಗೆ ಸುದ್ದಿ ಕಳಿಸುತ್ತಾನೆ. ಉಪಸಂಪಾದಕ ಅದನ್ನು ತಿದ್ದುತ್ತಾನೆ, ಅನುಮಾನ ಬಂದರೆ ಫೋನ್ ಮಾಡಿ ಕೇಳುತ್ತಾನೆ. ಮುಖಪುಟಕ್ಕೆ ಯಾವುದು, ಒಳಪುಟಕ್ಕೆ ಯಾವುದು, ಯಾವುದು ಬೇಡವೇ ಬೇಡ ಎಂದು ಸುದ್ದಿ ಸಂಪಾದಕ ತೀರ್ಮಾನಿಸುತ್ತಾನೆ. ಮಧ್ಯರಾತ್ರಿಯ ಆಸುಪಾಸಿನಲ್ಲಿ ಪುಟಗಳು ಮುದ್ರಣಕ್ಕೆ ಹೋಗುತ್ತವೆ. ನಸುಕಿನಲ್ಲಿ ಟೆಂಪೊಗಳು ಸ್ಟೇಷನ್ ಹೊರಗಿನ ಫುಟ್‌ಪಾತಿಗೆ ಬಂಡಲು ಇಳಿಸುತ್ತವೆ. ದಾದರ್‌ನಂಥ ಕಡೆ ಆ ಹೊತ್ತಿಗೆ ಹೋಗಿ ನಿಂತರೆ ಇಡೀ ಮುಂಬಯಿ ಕಾಣಿಸುತ್ತದೆ. ಬೀದಿದೀಪದ ಕೆಳಗೆ ಚಕ್ಕಳಮಕ್ಕಳ ಕೂತ ಹುಡುಗರು ಮುಖ್ಯ ಪತ್ರಿಕೆಯೊಳಗೆ ಪುರವಣಿ ತೂರಿಸುವ ವೇಗಕ್ಕೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮರಾಠಿ, ಗುಜರಾತಿ, ಹಿಂದಿ, ಇಂಗ್ಲಿಷ್, ಉರ್ದು ಪತ್ರಿಕೆಗಳ ಗುಡ್ಡೆಗಳು. ಅವುಗಳ ಪಕ್ಕದಲ್ಲಿ ತೆಳುವಾದ ಕಟ್ಟೊಂದು ಕನ್ನಡದ್ದು. ಯಾವ ಕಟ್ಟಡದ ಯಾವ ಮಹಡಿಗೆ ಯಾವ ಭಾಷೆ ಎಂಬುದು ಆ ಹುಡುಗರಿಗೆ ಬಾಯಿಪಾಠ. ಓದಲು ಬಾರದ ಲಿಪಿಯ ಪತ್ರಿಕೆಯನ್ನೂ ಅವರು ತಲೆಬರಹದ ಆಕಾರ ನೋಡಿಯೇ ಸರಿಯಾದ ಬಾಗಿಲಿಗೆ ಹಾಕುತ್ತಾರೆ.

ಇಷ್ಟು ಕೈಗಳನ್ನು ದಾಟಿ ಬಂದ ಪತ್ರಿಕೆಯಲ್ಲಿ ಯಾರೂ ಓದದ ಒಂದು ಜಾಗವಿದೆ. ಕೊನೆಯ ಪುಟದ ಅಡಿಯಲ್ಲಿ ಇರುವೆಸಾಲಿನಂತೆ ಕೂತ ಪುಟ್ಟ ಅಕ್ಷರಗಳ ಸಾಲು: ಮುದ್ರಕರು ಇಂಥವರು, ಪ್ರಕಾಶಕರು ಇಂಥವರು, ಮುದ್ರಣವಾದ ಸ್ಥಳ ಇದು, ಸಂಪಾದಕರು ಇವರು, ಸುದ್ದಿಗಳ ಆಯ್ಕೆಗೆ ಕಾಯ್ದೆ ಪ್ರಕಾರ ಇವರೇ ಹೊಣೆ. ಆ ಸಾಲು ಅಲ್ಲಿ ಇರಬೇಕೆಂದು ವಿಧಿಸಿದ್ದು 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆ. 1857ರ ದಂಗೆಯ ನೆನಪು ಆರದ ಬ್ರಿಟಿಷರು ಪತ್ರಿಕೆಗಳ ಮೇಲೆ ಕಣ್ಣಿಡಲೆಂದೇ ಅದನ್ನು ತಂದಿರಬಹುದು, ಆದರೆ ಓದುಗನಿಗೆ ಅದರಿಂದ ಒಂದು ದೊಡ್ಡ ಹಕ್ಕು ಸಿಕ್ಕಿತು. ನನ್ನ ಬಗ್ಗೆ ಸುಳ್ಳು ಬರೆದರೆ ಯಾರ ಬಾಗಿಲು ತಟ್ಟಬೇಕು, ಯಾರ ಮೇಲೆ ದಾವೆ ಹೂಡಬೇಕು ಎಂಬುದು ಪ್ರತಿ ಸಂಚಿಕೆಯಲ್ಲೂ ಅಚ್ಚಾಗಿ ಬರುತ್ತದೆ. ಆ ಹಳೆಯ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದು 2024ರ ಮಾರ್ಚ್‌ನಿಂದ ಜಾರಿಯಾಗಿದೆ.

ವೆಬ್‌ಸೈಟುಗಳಿಗೆ ಇಂಥ ಹೊಣೆ ಇಲ್ಲವೇ ಎಂದು ನೀವು ಕೇಳಬಹುದು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳು ಡಿಜಿಟಲ್ ಸುದ್ದಿ ಸಂಸ್ಥೆಗಳಿಗೂ ದೂರು ಕೇಳುವ ಅಧಿಕಾರಿ ಇರಬೇಕು, ನೀತಿಸಂಹಿತೆ ಪಾಲಿಸಬೇಕು ಎಂದವು. ನೀತಿಸಂಹಿತೆಯನ್ನು ಕಡ್ಡಾಯ ಮಾಡುವ ಭಾಗ ವಾಕ್ ಸ್ವಾತಂತ್ರ್ಯವನ್ನೇ ಕುಗ್ಗಿಸುತ್ತದೆ ಎಂದು ಕಂಡು ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟು ಅದಕ್ಕೆ ತಡೆ ನೀಡಿತು. ಸರ್ಕಾರ ಹಿಡಿಯುವ ಲಗಾಮು ಬೇರೆ, ಓದುಗನಿಗೆ ಕೊಡುವ ಉತ್ತರ ಬೇರೆ. ಕೋರ್ಟು ತಡೆದದ್ದು ಮೊದಲನೆಯದನ್ನು. ಎರಡನೆಯದನ್ನು ಒಳ್ಳೆಯ ವೆಬ್‌ಸೈಟುಗಳು ತಾವಾಗಿಯೇ ಮಾಡುತ್ತಿವೆ. ವರದಿಗಾರನ ಹೆಸರು, ಸಂಪಾದಕೀಯ ಬಳಗದ ವಿವರ, ತಪ್ಪಾದಾಗ ತಿದ್ದುಪಡಿಯ ಟಿಪ್ಪಣಿ ಎಲ್ಲವೂ ಅವುಗಳಲ್ಲಿ ಇರುತ್ತವೆ. ಅಂಥವನ್ನು ನಾನು ಪತ್ರಿಕೆಯಷ್ಟೇ ಗೌರವದಿಂದ ಓದುತ್ತೇನೆ. ಫಾರ್ವರ್ಡ್ ಆಗಿ ಬರುವ ಸಂದೇಶಕ್ಕೆ ಮಾತ್ರ ತಾಯಿಯೂ ಇಲ್ಲ, ತಂದೆಯೂ ಇಲ್ಲ. ಕಳಿಸಿದ ಮಾವನೋ ಚಿಕ್ಕಮ್ಮನೋ ನಂಬಿಕಸ್ಥರೇ ಇರುತ್ತಾರೆ. ಆದರೆ ಅವರು ಹೋಗಿ ನೋಡಿದವರಲ್ಲ. ಅವರಿಗೆ ಕಳಿಸಿದವರೂ ಅಲ್ಲ.

ಜನ ಅಚ್ಚಾದದ್ದನ್ನು ಹೆಚ್ಚು ನಂಬುತ್ತಾರೆ ಎಂಬುದು ಸುಳ್ಳು ಹುಟ್ಟಿಸುವವರಿಗೂ ಚೆನ್ನಾಗಿ ಗೊತ್ತು. ಅದಕ್ಕೇ ಅವರು ತಮ್ಮ ಸುಳ್ಳನ್ನು ಪತ್ರಿಕೆಯ ಕತ್ತರಿಸಿದ ತುಣುಕಿನ ರೂಪದಲ್ಲಿ ತಯಾರಿಸುತ್ತಾರೆ. ಕಾಲಂ ಅಗಲ, ತಲೆಬರಹ, ಹಳದಿಗಟ್ಟಿದ ಕಾಗದ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹೊಂದಿಸಿ ಫೋಟೊ ಮಾಡಿ ಬಿಡುತ್ತಾರೆ. ಇಂಥ ತುಣುಕು ನಿಮ್ಮ ಗುಂಪಿಗೆ ಬಂದರೆ ನೋಡಬೇಕಾದ್ದು ಎರಡು: ಪತ್ರಿಕೆಯ ಹೆಸರು ಮತ್ತು ದಿನಾಂಕ. ಎರಡೂ ಇದ್ದರೆ ಆ ದಿನದ ಇ-ಪೇಪರ್ ತೆರೆದು ನೋಡಬಹುದು. ಒಂದಾದರೂ ಇಲ್ಲದಿದ್ದರೆ ಅದು ಬೇಕೆಂದೇ ಬಿಟ್ಟದ್ದು ಎಂದುಕೊಳ್ಳುವುದು ಕ್ಷೇಮ.

2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನಪಾಡಾ ಎಂಬ ಹಳ್ಳಿಯ ಸಂತೆಯಲ್ಲಿ ಭಿಕ್ಷೆ ಬೇಡಿ ಬದುಕುವ ಅಲೆಮಾರಿ ಸಮುದಾಯದ ಐವರನ್ನು, ಫೋನಿನಲ್ಲಿ ಹರಡಿದ ಇಂಥದೇ ಸುಳ್ಳು ನಂಬಿದ ಜನ, ಮಕ್ಕಳ ಕಳ್ಳರೆಂದು ಬಡಿದು ಕೊಂದರು. ಎರಡು ವಾರ ತುಂಬುವ ಮೊದಲೇ ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಗಿ, ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಅದೇ ರೀತಿ ಸತ್ತರು. ಈ ಎರಡು ಘಟನೆಗಳ ನಡುವೆ, ಜುಲೈ 10ರಂದು, ವಾಟ್ಸಾಪ್ ಕಂಪನಿ ಸುಳ್ಳು ಸುದ್ದಿಯನ್ನು ಗುರುತಿಸುವುದು ಹೇಗೆಂದು ಭಾರತೀಯರಿಗೆ ತಿಳಿಹೇಳಲು ಹೊರಟಿತು. ಅದಕ್ಕೆ ಅದು ಆರಿಸಿಕೊಂಡ ದಾರಿ ದಿನಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು! ಕೋಟ್ಯಂತರ ಜನರ ಜೇಬಿನೊಳಗೆ ನೇರವಾಗಿ ಮಾತಾಡಬಲ್ಲ ಕಂಪನಿಯೂ ತನ್ನ ಮಾತನ್ನು ಜನ ನಂಬಬೇಕೆಂದಾಗ ಕಾಗದಕ್ಕೆ ಬಂತು. ಆಮೇಲೆ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ಬಂತು. ಕೊರೊನಾ ಕಾಲದಲ್ಲಿ, ತುಂಬಾ ಕೈ ದಾಟಿದ ಸಂದೇಶಕ್ಕೆ ಒಮ್ಮೆಗೆ ಒಂದೇ ಕಡೆ ಎಂಬ ಮಿತಿ. ಎರಡು ಬಾಣದ ಗುರುತು ಇರುವ ಸಂದೇಶ ಕಂಡರೆ ಅದು ಎಷ್ಟೋ ಕೈ ದಾಟಿ ಬಂದದ್ದೆಂದು ತಿಳಿಯಿರಿ. ಆ ಗುರುತು ಎಷ್ಟು ಜನಕ್ಕೆ ಗೊತ್ತಿದೆ ಎಂದು ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ಪತ್ರಿಕೆಗಳೇನೂ ಗಂಗೆಯಲ್ಲಿ ಮಿಂದು ಬಂದವಲ್ಲ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಿ ಒಂದಕ್ಕೊಂದು ಪೈಪೋಟಿಯಲ್ಲಿರುವ ಪತ್ರಿಕೆಗಳಲ್ಲಿ ಒಂದೇ ಲೇಖನ ಅಕ್ಷರ ಬದಲಾಗದೆ ಸುದ್ದಿಯ ವೇಷದಲ್ಲಿ ಬಂದದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆಳೆದರು. ಕಾಸಿಗೆ ಸುದ್ದಿ ಮಾರುವ ಆ ರೋಗದ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯೂ ವಿಚಾರಣೆ ನಡೆಸಿತು. ಹಣ ಕೊಟ್ಟು ಬರೆಸಿದ್ದನ್ನು ಸುದ್ದಿ ಎಂದು ಓದಿಸುವುದು ಓದುಗನಿಗೆ ಮಾಡುವ ದ್ರೋಹ, ಅದು ಕಾಗದದ ಮೇಲೆ ಬಂದಿತು ಎಂಬ ಕಾರಣಕ್ಕೆ ಹಗುರವಾಗುವುದಿಲ್ಲ. ಆದರೆ ಆ ವಂಚನೆ ಸಿಕ್ಕಿಬಿದ್ದದ್ದು ಹೇಗೆ ನೋಡಿ: ಪತ್ರಿಕೆಗಳನ್ನು ಪಕ್ಕಪಕ್ಕ ಹರಡಿಕೊಂಡು ಹೋಲಿಸಿದ್ದರಿಂದ. ಅಚ್ಚಾದದ್ದನ್ನು ಅಳಿಸಲು ಬರುವುದಿಲ್ಲ. ವೆಬ್‌ಸೈಟಿನಲ್ಲಿ ಬೆಳಿಗ್ಗೆ ಇದ್ದ ತಲೆಬರಹ ಸಂಜೆಗೆ ಮಾಯವಾದರೆ ಯಾರಿಗೂ ಗೊತ್ತಾಗದು.

ಇನ್ನು ನಮ್ಮ ವಿಚಾರಕ್ಕೆ ಬರೋಣ, ಮುಂಬಯಿಯ ತುಳು-ಕನ್ನಡಿಗರ ವಿಚಾರಕ್ಕೆ. ನಮ್ಮ ಮಟ್ಟಿಗೆ ಈ ಆಯ್ಕೆ ಬೇರೆಯವರದ್ದಕ್ಕಿಂತ ಭಿನ್ನವಾಗಿದೆ.

“ಊರಿನ ಸುದ್ದಿ ಎಲ್ಲ ಮೊಬೈಲಲ್ಲೇ ಬರ್ತದಲ್ಲ ಮಾರಾಯ್ರೆ, ಮತ್ತೆ ಪೇಪರ್ ಯಾಕೆ?” ಎಂದು ಹೋಟೆಲಿನ ಗಲ್ಲಾದಲ್ಲಿ ಕೂತ ಹಿರಿಯರೊಬ್ಬರು ನನ್ನನ್ನು ಕೇಳಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಊರಿನ ಪತ್ರಿಕೆಗಾಗಿ ಹಾತೊರೆದ ತಲೆಮಾರು ಅವರದು. ರಾತ್ರಿ ಬಸ್ಸಿನಲ್ಲಿ ಬಂದವರ ಕೈಚೀಲದಲ್ಲಿದ್ದ ಹಳೆಯ ಪತ್ರಿಕೆಯನ್ನೂ ಖೋಲಿಯಲ್ಲಿ ನಾಲ್ಕಾರು ಜನ ಹಂಚಿಕೊಂಡು ಓದಿದ ತಲೆಮಾರು. ಈಗ ಕಾರ್ಕಳದಲ್ಲಿ ಮಳೆ ಬಿದ್ದರೆ ಕಾಂದಿವಲಿಯಲ್ಲಿ ಗೊತ್ತಾಗುತ್ತದೆ. 2001ರಲ್ಲಿ ಮಂಗಳೂರಿನಲ್ಲಿ ಶುರುವಾದ ‘ದಾಯ್ಜಿವರ್ಲ್ಡ್’ ಪರವೂರಲ್ಲಿ ಇರುವ ಕರಾವಳಿಯವರಿಗೆಂದೇ ಬೆಳೆಯಿತು. ‘ಉದಯವಾಣಿ’, ‘ಪ್ರಜಾವಾಣಿ’, ‘ವಿಜಯ ಕರ್ನಾಟಕ’ ಎಲ್ಲದರ ಇ-ಪೇಪರ್ ಬೆಳಗಿನ ಚಹಾಕ್ಕೆ ಮೊದಲೇ ಸಿದ್ಧ. ಹುಬ್ಬಳ್ಳಿಯವರು, ಕಲಬುರಗಿಯವರು ತಮ್ಮ ತಮ್ಮ ಜಿಲ್ಲೆಯ ಪುಟವನ್ನೇ ತೆರೆದು ಓದಬಹುದು. ಇದು ಸಣ್ಣ ಭಾಗ್ಯವಲ್ಲ.

ಆದರೆ ಊರು ಹತ್ತಿರವಾದಷ್ಟೂ ನಾವು ಇರುವ ನಗರ ಕನ್ನಡದಲ್ಲಿ ದೂರವಾಗುತ್ತಿದೆ. ಡೊಂಬಿವಲಿಯಲ್ಲಿ ಯಾರ ಉತ್ತರಕ್ರಿಯೆ ಯಾವತ್ತು, ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಯಾವ ಉಪನ್ಯಾಸ, ಕುರ್ಲಾದ ಬಂಟರ ಭವನದಲ್ಲಿ, ಸಾಂತಾಕ್ರೂಜಿನ ಬಿಲ್ಲವ ಭವನದಲ್ಲಿ ಏನು ನಡೆಯಿತು, ಪತ್ತನಾಜೆಗೆ ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ತಿರುಗಾಟಕ್ಕೆ ಬಂದ ಯಕ್ಷಗಾನ ತಂಡದ ಆಟ ಇವತ್ತು ಎಲ್ಲಿ ಎಂಬುದನ್ನೆಲ್ಲ ಬೆಂಗಳೂರಿನಲ್ಲಿ ಕೂತ ಯಾವ ವೆಬ್‌ಸೈಟೂ ಬರೆಯುವುದಿಲ್ಲ. ಮರಾಠಿ, ಇಂಗ್ಲಿಷ್ ಪತ್ರಿಕೆಗಳಿಗೂ ಅದು ಸುದ್ದಿಯಲ್ಲ. ಅದನ್ನು ಬರೆಯುವುದು ಮುಂಬಯಿಯಲ್ಲೇ ಪ್ರಕಟವಾಗುವ ‘ಕರ್ನಾಟಕ ಮಲ್ಲ’, ‘ಉದಯವಾಣಿ’ಯ ಮುಂಬಯಿ ಆವೃತ್ತಿ, ತಿಂಗಳಿಗೊಮ್ಮೆ ‘ಮೊಗವೀರ’, ‘ಅಕ್ಷಯ’, ‘ನೇಸರು’ಗಳಂಥ ಸಂಘ-ಸಂಸ್ಥೆಗಳ ಮಾಸಪತ್ರಿಕೆಗಳು. ವಿರಾರ್‌ನಿಂದ ಪನ್ವೇಲ್‌ವರೆಗೆ ಹಂಚಿಹೋದ ನಮ್ಮವರು ಒಂದು ಸಮಾಜ ಎಂದು ಕಾಣಿಸಿಕೊಳ್ಳುವುದು ಆ ಪುಟಗಳಲ್ಲಿ ಮಾತ್ರ.

ಫೋನಿನ ಅಲ್ಗಾರಿದಮ್ ಎಂಬುದು ನೀವು ಹಿಂದೆ ಒತ್ತಿದ್ದನ್ನು ನೋಡಿ ಮುಂದಿನದನ್ನು ಬಡಿಸುತ್ತದೆ. ಕ್ರಿಕೆಟ್ ನೋಡಿದವನಿಗೆ ಕ್ರಿಕೆಟ್, ಸಿಟ್ಟಿನ ವಿಡಿಯೊ ನೋಡಿದವನಿಗೆ ಇನ್ನಷ್ಟು ಸಿಟ್ಟು. ನೀವು ಹುಡುಕದೇ ಇದ್ದದ್ದು, ನಿಮಗೆ ಬೇಕೆಂದು ನಿಮಗೇ ಗೊತ್ತಿಲ್ಲದ್ದು ಅದರಲ್ಲಿ ಬರುವುದಿಲ್ಲ. ಮರಣವಾರ್ತೆಯ ಪುಟವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಪುಟ ತಿರುವುವಾಗ ಕಣ್ಣಿಗೆ ಬೀಳುತ್ತದೆ, ಮೂವತ್ತು ವರ್ಷ ಹಿಂದೆ ರಾತ್ರಿಶಾಲೆಯಲ್ಲಿ ಜೊತೆಗೆ ಕೂತವನ ಮುಖ ಅಲ್ಲಿರುತ್ತದೆ. ಅಂದು ಸಂಜೆ ಅವನ ಮನೆಗೆ ಹೋಗಿ ಬರಲು ಸಾಧ್ಯವಾಗುವುದು ಆ ಪುಟದಿಂದ.

ಹಾಗಾಗಿ ಫೋನಿಗೂ ಪತ್ರಿಕೆಗೂ ನಾನು ಕೆಲಸ ಹಂಚಿಕೊಟ್ಟದ್ದು ಹೀಗೆ. ಈಗಿಂದೀಗ ಕಾಲು ಹೊರಗಿಡಲು ಬೇಕಾದದ್ದೆಲ್ಲ ಫೋನಿನಿಂದ. ಜುಲೈ ತಿಂಗಳಲ್ಲಿ ಲೋಕಲ್ ಓಡುತ್ತಿದೆಯೇ ಎಂದು ತಿಳಿಯಲು ರೈಲ್ವೆಯ ಅಧಿಕೃತ ಖಾತೆ, ವೇಳಾಪಟ್ಟಿಗೆ ಎಂ-ಇಂಡಿಕೇಟರ್, ಮಳೆಗೆ ಹವಾಮಾನ ಇಲಾಖೆ, ಸಮುದ್ರದ ಉಬ್ಬರದ ಹೊತ್ತಿಗೆ ಮಹಾನಗರಪಾಲಿಕೆಯ ಪ್ರಕಟಣೆ. ಹಿಂದ್‌ಮಾತಾದಲ್ಲಿ ನೀರು ನಿಂತಿದೆ ಎಂಬ ಗುಂಪಿನ ಸಂದೇಶಕ್ಕಿಂತ ಇವು ಮೇಲು, ಏಕೆಂದರೆ ಆ ಸಂದೇಶ ಹೋದ ವರ್ಷದ್ದೂ ಆಗಿರಬಹುದು. ಹಳೆಯ ಮಳೆಯ ವಿಡಿಯೊಗಳು ಪ್ರತಿ ಮಳೆಗಾಲಕ್ಕೂ ಹೊಸ ನೀರಿನಂತೆ ಹರಿದು ಬರುತ್ತವೆ. ಇನ್ನು ಯಾವುದನ್ನು ತಿಳಿದು ನಾನು ಒಂದು ಅಭಿಪ್ರಾಯಕ್ಕೆ ಬರಬೇಕೋ, ಮತ ಹಾಕಬೇಕೋ, ಹಣ ಹೂಡಬೇಕೋ, ನೆರೆಯವನ ಬಗ್ಗೆ ಒಂದು ಮಾತು ಆಡಬೇಕೋ, ಅದು ಮರುದಿನದ ಪತ್ರಿಕೆ ಬರುವವರೆಗೆ ಕಾಯಲಿ. ಕಾದು ಓದಿದ್ದರಿಂದ ನಷ್ಟವಾದ ಸಂದರ್ಭ ನನಗೆ ನೆನಪಿಲ್ಲ.

ದುಡ್ಡಿನ ಮಾತೂ ಇದೆ. ಪತ್ರಿಕೆಯ ಮುಖಬೆಲೆಯಲ್ಲಿ ಕಾಗದದ ಖರ್ಚೇ ಹುಟ್ಟುವುದು ಕಷ್ಟ. ಜಾಹೀರಾತು ಉಳಿದದ್ದನ್ನು ತುಂಬಿಕೊಡುತ್ತದೆ. 2019ರ ಬಜೆಟ್‌ನಲ್ಲಿ ಆಮದು ನ್ಯೂಸ್‌ಪ್ರಿಂಟ್ ಮೇಲೆ ಶೇ 10ರ ಸುಂಕ ಬಿತ್ತು, ಮರುವರ್ಷ ಅದು ಶೇ 5ಕ್ಕೆ ಇಳಿಯಿತು. ಅಷ್ಟರಲ್ಲಿ ಜಾಹೀರಾತುಗಳು ಗೂಗಲ್, ಫೇಸ್‌ಬುಕ್ ಕಡೆ ಸರಿಯತೊಡಗಿದ್ದವು. ಬೆಹರಾಮ್ ಕಾಂಟ್ರಾಕ್ಟರ್ ಕಟ್ಟಿ ಬೆಳೆಸಿದ, ಸಂಜೆಯ ಲೋಕಲ್‌ಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ‘ಆಫ್ಟರ್‌ನೂನ್’ ಪತ್ರಿಕೆ 2019ರಲ್ಲಿ ನಿಂತಿತು. ಅದೇ ವರ್ಷ ‘ಡಿಎನ್‌ಎ’ಯ ಮುದ್ರಣವೂ ನಿಂತಿತು. 2020ರ ಡಿಸೆಂಬರಿನಲ್ಲಿ ‘ಮುಂಬಯಿ ಮಿರರ್’ ದಿನಪತ್ರಿಕೆಯಾಗಿ ಕೊನೆಯಾಯಿತು. ಹೌದು, ಡಿಸೋಜ ಕ್ಯಾಮೆರಾ ಹಿಡಿದು ಓಡಿದ ಅದೇ ಪತ್ರಿಕೆ. ಪತ್ರಿಕೆಯೊಂದು ಮುಚ್ಚಿದರೆ ಓದುಗರಿಗೆ ಇನ್ನೊಂದು ಸಿಗುತ್ತದೆ ಎನ್ನುತ್ತೇವೆ. ಆದರೆ ಮುನ್ಸಿಪಾಲಿಟಿಯಲ್ಲಿ, ಕೋರ್ಟಿನಲ್ಲಿ, ಆಸ್ಪತ್ರೆಯ ಹೊರಗೆ ದಿನವೂ ನಿಂತಿರುತ್ತಿದ್ದ ಒಂದಷ್ಟು ಜೋಡಿ ಕಣ್ಣುಗಳು ಅದರ ಜೊತೆಗೇ ಹೋಗುತ್ತವೆ.

ಇದನ್ನು ತಿಳಿದ ಮೇಲೆ ಪತ್ರಿಕೆಯ ಪಿಡಿಎಫ್ ಅನ್ನು ವಾಟ್ಸಾಪ್ ಗುಂಪಿನಲ್ಲಿ ಪುಕ್ಕಟೆ ಹಂಚುವ ರೂಢಿ ನನಗೆ ಸರಿಬರುವುದಿಲ್ಲ. ಹಂಚುವವರು ಸಮಾಜಸೇವೆ ಎಂದೇ ತಿಳಿದಿದ್ದಾರೆ. 2020ರ ಮೇ ತಿಂಗಳಲ್ಲಿ ‘ದೈನಿಕ್ ಜಾಗರಣ್’ ಪತ್ರಿಕೆಯ ಇ-ಪೇಪರನ್ನು ಹೀಗೆ ಹಂಚುತ್ತಿದ್ದ ಟೆಲಿಗ್ರಾಂ ಚಾನೆಲ್‌ಗಳನ್ನು ತೆಗೆಯಬೇಕೆಂದು ದೆಹಲಿ ಹೈಕೋರ್ಟು ಆದೇಶಿಸಿತ್ತು. ಹಿಂದಿಯ ಅಷ್ಟು ದೊಡ್ಡ ಪತ್ರಿಕೆಗೇ ಅದು ಪೆಟ್ಟು ಎಂದಾದರೆ ಮುಂಬಯಿಯ ಕನ್ನಡ ಪತ್ರಿಕೆಯ ಗತಿ ಏನು? ಸಂಘದ ಗುಂಪಿನಲ್ಲಿ ನೂರು ಜನ ಪುಕ್ಕಟೆ ಓದಿದರೆ ಆ ತೆಳುವಾದ ಕಟ್ಟು ಇನ್ನಷ್ಟು ತೆಳುವಾಗುತ್ತದೆ. ಒಂದು ದಿನ ಪೇಪರ್‌ವಾಲಾ “ಕನ್ನಡಾ ಪೇಪರ್ ಆತಾ ಯೇತ್ ನಾಹೀ”, ಕನ್ನಡ ಪೇಪರ್ ಈಗ ಬರುವುದಿಲ್ಲ, ಎಂದುಬಿಡುತ್ತಾನೆ. ಹಲವು ಉಪನಗರಗಳಲ್ಲಿ ಈಗಾಗಲೇ ಆ ಮಾತು ಕೇಳಿಸುತ್ತಿದೆ. ಒಂದೇ ಗಲ್ಲಿಯಲ್ಲಿ ನಾಲ್ಕೈದು ಮನೆಗಳವರು ಸೇರಿ ಹೇಳಿದರೆ ಅವನು ಮತ್ತೆ ತಂದುಕೊಡುತ್ತಾನೆ, ಒಂಟಿ ಪ್ರತಿಗಾಗಿ ಸೈಕಲ್ ತಿರುಗಿಸುವುದು ಅವನಿಗೆ ಗಿಟ್ಟುವುದಿಲ್ಲ. ಪೇಪರ್ ಸಿಗದ ಕಡೆ ಇ-ಪೇಪರಿಗೆ ನೇರವಾಗಿ ಪತ್ರಿಕೆಯ ತಾಣಕ್ಕೇ ಹೋಗಿ ಓದಿದರೂ ಆಯಿತು, ಆ ಓದು ಪತ್ರಿಕೆಯ ಲೆಕ್ಕಕ್ಕೆ ಸೇರುತ್ತದೆ.

ಮನೆಯಲ್ಲಿ ಕನ್ನಡ ಪತ್ರಿಕೆ ಬಿದ್ದಿರಬೇಕು ಎನ್ನಲು ನನಗೆ ಇನ್ನೂ ಒಂದು ಕಾರಣವಿದೆ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲಿ ಒಂದು. ಆ ಶಾಲೆಗಳಿಗೆ ಹೋಗುವ ನಮ್ಮ ಮಕ್ಕಳು ಕಡಿಮೆಯಾಗುತ್ತಲೇ ಬಂದಿದ್ದಾರೆ. ಉಳಿದ ಮಕ್ಕಳು ಕನ್ನಡ, ತುಳು ಮಾತಾಡುತ್ತಾರೆ, ಯೂಟ್ಯೂಬಿನಲ್ಲಿ ತುಳು ನಾಟಕ ನೋಡಿ ನಗುತ್ತಾರೆ, ಲಿಪಿ ಮಾತ್ರ ಅವರಿಗೆ ಗೊತ್ತಿಲ್ಲ. ಫೋನಿನ ಕನ್ನಡ ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ದೊಡ್ಡ ಅಕ್ಷರದ ತಲೆಬರಹ ತೋರಿಸಿ, ಕೂಡಿಸಿ ಓದು ಎಂದು ಮಗುವಿಗೆ ಹೇಳಲು ಟೀಪಾಯಿಯ ಮೇಲೆ ಒಂದು ಪತ್ರಿಕೆ ಬಿದ್ದಿರಬೇಕು.

ಇಷ್ಟೆಲ್ಲ ಪತ್ರಿಕೆಯ ಪರವಾಗಿ ಹೇಳಿದವನಿಗೆ ಪತ್ರಿಕೆಯಿಂದ ಒಂದನ್ನು ಕೇಳುವ ಹಕ್ಕೂ ಇದೆ ಎಂದುಕೊಳ್ಳುತ್ತೇನೆ. ನಮ್ಮ ಮುಂಬಯಿ ಪುಟಗಳಲ್ಲಿ ಇವತ್ತು ಶಾಲು, ಹಾರ, ಫಲಪುಷ್ಪಗಳೇ ತುಂಬಿವೆ. ಸಂಘದವರೇ ಬರೆದು ಫೋಟೊ ಜೊತೆ ಕಳಿಸಿದ ಪ್ರಕಟಣೆ ಇದ್ದಹಾಗೇ ಅಚ್ಚಾಗುತ್ತದೆ. ವೇದಿಕೆಯ ಮೇಲಿದ್ದ ಹದಿನಾಲ್ಕು ಗಣ್ಯರ ಹೆಸರು ಇರುತ್ತದೆ, ಸಭೆಯಲ್ಲಿ ಏನು ಚರ್ಚೆಯಾಯಿತೆಂಬುದು ಇರುವುದಿಲ್ಲ. ಅದನ್ನೂ ಯಾರೂ ಹೋಗಿ ನೋಡಿ ಬಂದದ್ದಲ್ಲ. ಆ ಕೆಲಸಕ್ಕಾದರೆ ವಾಟ್ಸಾಪ್ ಸಾಕು. ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಈ ವರ್ಷ ಒಂದನೇ ತರಗತಿಗೆ ಎಷ್ಟು ಮಕ್ಕಳು ಸೇರಿದರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹುಡುಗನಿಗೆ ಭವಿಷ್ಯನಿಧಿ ಕಟ್ಟಿದ್ದಾರೆಯೇ, ಚಾಳು ಕೆಡವಿ ಗೋಪುರ ಕಟ್ಟುವಾಗ ಅಲ್ಲಿದ್ದ ನಮ್ಮವರು ಯಾವ ಬಾಡಿಗೆ ಮನೆಗೆ ಹೋದರು, ಮರಳಿ ಬಂದರೇ ಎಂಬುದನ್ನು ಒಬ್ಬ ವರದಿಗಾರ ಹೋಗಿ, ಕೇಳಿ, ಹೆಸರು ಹಾಕಿ ಬರೆಯಲಿ. ವಾರಕ್ಕೊಂದು ಬರೆದರೂ ಸಾಕು. ಈ ಮಾತನ್ನು ನಾನು ಪತ್ರ ಬರೆದೂ ಹೇಳಲಿದ್ದೇನೆ, ನೀವೂ ಬರೆಯಿರಿ. ಸಂಪಾದಕರ ಹೆಸರು, ವಿಳಾಸ ಎರಡೂ ಕೊನೆಯ ಪುಟದ ಅಡಿಯಲ್ಲಿವೆ.